ಏಡಿಯ ಬಾಣಂತನ

ಬಕೆಟ್ಟು ನೀಲಿ ಬಣ್ಣದ್ದು ಎಂದು ನನ್ನ ನೆನಪು. ಅಲ್ಲ, ತಗಡಿನದು, ಬಚ್ಚಲಿನಲ್ಲಿದ್ದ ಹಳೆಯದು ಎಂದು ಅಕ್ಕ ಹೇಳುತ್ತಾಳೆ. ಈ ವ್ಯಾಜ್ಯ ನಮ್ಮಿಬ್ಬರ ನಡುವೆ ಎಷ್ಟೋ ವರ್ಷಗಳಿಂದ ನಡೆದಿದೆ. ಒಮ್ಮೆ ನಾನು ತರ್ಕದ ಮೊರೆ ಹೋದೆ. ತಗಡಿನ ಬಕೆಟ್ಟಿಗೆ ಸತುವಿನ ಲೇಪ ಇರುತ್ತದೆ. ಉಪ್ಪುನೀರಿನಲ್ಲಿ ಸತು ಕರಗುತ್ತದೆ. ಸತು ಕರಗಿದ ನೀರಿನಲ್ಲಿ ಏಡಿ ಬದುಕುವುದಿಲ್ಲ. ನಮ್ಮ ಏಡಿ ಬದುಕಿತ್ತು. ಆದ್ದರಿಂದ ಬಕೆಟ್ಟು ಪ್ಲಾಸ್ಟಿಕ್ಕಿನದು. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಹಾಗಾದ್ರೆ ಏಡಿ ಸತ್ತೇ ಹೋಗಿತ್ತೇನೋ, ನಿಂಗೆ ಜ್ಞಾಪಕ ಇಲ್ಲ" ಎಂದಳು.

ಹೀಗಾಗಿ ಮುಂದಿನದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನಾನು ಬರೆಯುತ್ತಿರುವುದೂ ಹಾಗೆಯೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಗೆ ಸೇರಿದ್ದೆ. ನನ್ನ ವಿಷಯ ಏಡಿಯ ಚಿಪ್ಪು. ಹುಟ್ಟಿದಾರಭ್ಯ ಏಡಿಯನ್ನು ತಿನ್ನುವುದಿರಲಿ, ತಿನ್ನುವವರ ಪಕ್ಕದಲ್ಲಿ ಕೂತೂ ಗೊತ್ತಿಲ್ಲದ ನನಗೆ ಈ ವಿಷಯ ಹೇಗೆ ಗಂಟುಬಿತ್ತು ಎಂದರೆ, ಸಂಸ್ಥೆಯಲ್ಲಿ ಹಾವಿನ ವಿಷಯವೂ ಮೀನಿನ ವಿಷಯವೂ ಆಗಲೇ ಬೇರೆಯವರ ಪಾಲಾಗಿದ್ದವು.

ಏಡಿಗೆ ಎಲುಬು ಮೈಯ ಹೊರಗೆ. ಚಿಪ್ಪು ಬೆಳೆಯುವುದಿಲ್ಲ, ಒಳಗಿನ ಪ್ರಾಣಿ ಬೆಳೆಯುತ್ತದೆ. ಅಂಗಿ ಬಿಗಿಯಾದಾಗ ಏಡಿ ಅದನ್ನು ಬೆನ್ನ ಕಡೆಯಿಂದ ಬಿರಿಸಿ, ಮೀಸೆಯಿಂದ ಹಿಡಿದು ಕಾಲಿನ ತುದಿಯವರೆಗೆ ಎಲ್ಲವನ್ನೂ ಎಳೆದುಕೊಂಡು ಹಿಂದಕ್ಕೆ ಜಾರಿ ಹೊರಗೆ ಬರುತ್ತದೆ. ಕಳಚಿಟ್ಟ ಪೊರೆ ಥೇಟ್ ಏಡಿಯಂತೆಯೇ ಇರುತ್ತದೆ, ಒಳಗೆ ಯಾರೂ ಇರುವುದಿಲ್ಲ ಅಷ್ಟೆ. ಹೊರಗೆ ಬಂದ ಏಡಿಯ ಮೈ ನೆನೆದ ಹಪ್ಪಳದ ಹಾಗೆ. ಅದು ಗಟ್ಟಿಯಾಗುವುದಕ್ಕೆ ಎರಡು ಕೆಲಸ ನಡೆಯಬೇಕು. ಮೊದಲು ಹೊರಚರ್ಮದ ಪ್ರೋಟೀನುಗಳು ಒಂದಕ್ಕೊಂದು ಬೆಸೆದುಕೊಂಡು ಹದ ಮಾಡಿದ ತೊಗಲಿನಂತೆ ಬಿಗಿಯಾಗುತ್ತವೆ. ಆಮೇಲೆ ಸಮುದ್ರದ ನೀರಿನಿಂದ ಹೀರಿಕೊಂಡ ಕ್ಯಾಲ್ಸಿಯಂ ಅದರೊಳಗೆ ಸುಣ್ಣದ ಕಲ್ಲಾಗಿ ಕೂರುತ್ತದೆ. ಗಟ್ಟಿತನದಲ್ಲಿ ಪ್ರೋಟೀನಿನ ಪಾಲೆಷ್ಟು, ಸುಣ್ಣದ ಪಾಲೆಷ್ಟು ಎನ್ನುವುದು ನನ್ನ ಪ್ರಶ್ನೆ. ಉತ್ತರ ಹುಡುಕುವ ದಾರಿ ಸರಳ. ಉಪ್ಪುಗಳನ್ನು ತೂಗಿ ನಾನೇ ಒಂದು ಸಮುದ್ರ ತಯಾರಿಸುವುದು, ಅದರಲ್ಲಿ ಕ್ಯಾಲ್ಸಿಯಂ ಒಂದನ್ನು ಬಿಟ್ಟುಬಿಡುವುದು, ಪೊರೆ ಬಿಟ್ಟ ಏಡಿಯನ್ನು ಅದರಲ್ಲಿಟ್ಟು ಎಷ್ಟರಮಟ್ಟಿಗೆ ಗಟ್ಟಿಯಾಗುತ್ತದೆ ನೋಡುವುದು.

ದಾರಿ ಸರಳವಾಗಿತ್ತು, ಏಡಿಗಳು ಸರಳವಾಗಿರಲಿಲ್ಲ. ಪ್ರಯೋಗಶಾಲೆಗೆ ಸಂಜೆ ಬೀಗ, ಭಾನುವಾರ ಇಡೀ ದಿನ ಬೀಗ. ಬೀಗದ ಕೈ ಕಾವಲುಗಾರನ ಸೊಂಟದಲ್ಲಿ. ನನ್ನ ಏಡಿಗಳು ವಾರವೆಲ್ಲ ನನ್ನ ಮುಖ ನೋಡಿಕೊಂಡು ಸುಮ್ಮನಿದ್ದು ಭಾನುವಾರವೇ ಪೊರೆ ಬಿಡುತ್ತಿದ್ದವು. ಬಿಟ್ಟು ಸುಮ್ಮನಿರುತ್ತಿರಲಿಲ್ಲ, ತಮ್ಮ ಹಳೆಯ ಪೊರೆಯನ್ನೇ ತಿಂದುಬಿಡುತ್ತಿದ್ದವು. ಅದರಲ್ಲಿರುವುದೆಲ್ಲ ಸುಣ್ಣ. ಸೋಮವಾರ ಹೋದರೆ ಪ್ರಯೋಗ ಕೆಟ್ಟಿರುತ್ತಿತ್ತು, ಏಡಿ ತೃಪ್ತಿಯಿಂದಿರುತ್ತಿತ್ತು. ಪೊರೆಯನ್ನು ತಿನ್ನದ ಒಂದೇ ಒಂದು ಸಾತ್ವಿಕ ಏಡಿಯನ್ನು ಒಡೆದ ಕಿಟಕಿಯಿಂದ ಬಂದ ಕಾಗೆ ಎತ್ತಿಕೊಂಡು ಹೋಯಿತು.

ನನ್ನ ಗೈಡು ದಕ್ಷಿಣ ಕನ್ನಡದವರು. ಏಡಿಯ ವಿಷಯದಲ್ಲಿ ಅವರಿಗೆ ಎರಡು ಬಗೆಯ ಪಾಂಡಿತ್ಯವಿತ್ತು, ಎರಡನೆಯದನ್ನು ಅವರ ಮನೆಯವರು ಪ್ರತಿ ಭಾನುವಾರ ಪರೀಕ್ಷಿಸುತ್ತಿದ್ದರು. ಒಂದು ದಿನ ಅವರು ನನ್ನನ್ನು ಕರೆದು, "ನೋಡಿ ಮಾರಾಯ್ರೆ, ನಿಮ್ಮ ಫೆಲೋಶಿಪ್ ಮುಂದುವರಿಸುವ ಸಮಿತಿ ಬರುವ ತಿಂಗಳು ಕೂರ್ತದೆ. ಏನಾದರೂ ಒಂದು ಫಲಿತಾಂಶ ತೋರಿಸದಿದ್ರೆ ನಾನು ಎಂತ ಹೇಳುವುದು? ಕಾಗೆ ತಿಂದಿತು ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದರು.

"ಬೀಗದ ಕೈ ಕೊಡಿಸಿದರೆ ಸರ್..."

"ಅದು ನನ್ನ ಕೈಯಲ್ಲಿಲ್ಲ. ಕಾವಲಿನವನ ಸೊಂಟದಲ್ಲುಂಟು."

ಫೆಲೋಶಿಪ್ ನಿಂತರೆ ಊರಿಗೆ ಹಿಂದಿರುಗಬೇಕು. ಅಲ್ಲಿ ನನ್ನ ಸೋದರಮಾವನ ಪರಿಚಯದ ಪ್ರೌಢಶಾಲೆಯೊಂದರಲ್ಲಿ ಮಾಸ್ತರಿಕೆ ನನಗಾಗಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಮಕ್ಕಳಿಗೆ ಕಪ್ಪೆಯ ಜೀವನಚಕ್ರವನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವುದನ್ನು ನೆನೆದರೆ ನನಗೆ ಕಪ್ಪೆಯ ಮೇಲೆಯೇ ಸಿಟ್ಟು ಬರುತ್ತಿತ್ತು. ಹಾಗಾಗಿ ಏಡಿಯನ್ನು ಮನೆಗೆ ತರುವುದೆಂದು ನಿಶ್ಚಯಿಸಿದೆ.

ಮನೆ ಎಂದರೆ ನನ್ನದಲ್ಲ, ಭಾವನದು. ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸು. ಭಾವ ಲೆಕ್ಕ ತಪಾಸಣೆಯ ಇಲಾಖೆಯಲ್ಲಿದ್ದರು. ಅಕ್ಕ ತುಂಬು ಬಸುರಿ. ನಮ್ಮ ತಾಯಿ ಇರಲಿಲ್ಲ, ಆದ್ದರಿಂದ ಬಾಣಂತನ ಮಾಡಲು ತಾಯಿಯ ತಾಯಿ, ನಮ್ಮಜ್ಜಿ, ಶ್ರೀರಂಗಪಟ್ಟಣದಿಂದ ಮೊದಲೇ ಬಂದು ಕೂತಿದ್ದಳು. ಸಾಂಬ್ರಾಣಿ, ಶುಂಠಿ, ಮೆಣಸು, ಹಳೆಯ ಸೀರೆಯ ಮೆತ್ತನೆಯ ತುಂಡುಗಳು ಎಲ್ಲವೂ ಸಜ್ಜು. ಬಾಣಂತಿ ಮಾತ್ರ ಇನ್ನೂ ಆಗಿರಲಿಲ್ಲ. ಕೆಲಸವಿಲ್ಲದೆ ಅಜ್ಜಿ ಬಾಲ್ಕನಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಎಲೆಗೆ ಸುಣ್ಣ ಹಚ್ಚಿ ಬೆರಳಿನಲ್ಲಿ ಉಳಿದದ್ದನ್ನು ಗೋಡೆಗೆ ಒರೆಸುವುದು ಅವಳ ಅಭ್ಯಾಸ. ಹಳದಿ ಡಿಸ್ಟೆಂಪರ್ ಹೊಡೆದ ಸರ್ಕಾರಿ ಗೋಡೆಯ ಮೇಲೆ, ಅವಳ ಕೈಗೆಟುಕುವಷ್ಟು ಎತ್ತರದಲ್ಲಿ, ಬಿಳಿ ಬೆರಳುಗೆರೆಗಳು ದಿನದಿಂದ ದಿನಕ್ಕೆ ಹಬ್ಬುತ್ತಿದ್ದವು. ಭಾವ ಅವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. "ಇನ್‌ಸ್ಪೆಕ್ಷನ್ನಿಗೆ ಬಂದವನು ಕೇಳಿದ್ರೆ ಏನಂತ ಹೇಳ್ಲಿ?" ಎಂದು ಅಕ್ಕನನ್ನು ಕೇಳುತ್ತಿದ್ದರೇ ಹೊರತು ಅಜ್ಜಿಯನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ.

ಬಾಂದ್ರಾ ಬಜಾರಿನಲ್ಲಿ ಏಡಿ ಕೊಂಡೆ. ಮಾರುವವಳು ನನಗೆ ಒಳ್ಳೆಯ ಭರ್ತಿ ಏಡಿಗಳನ್ನು ತೋರಿಸಿದಳು. ನಾನು ಅವನ್ನೆಲ್ಲ ಬದಿಗಿಟ್ಟು, ಈಜುವ ಕಾಲಿನ ಅಂಚಿನಲ್ಲಿ ಹಳೆಯ ಚರ್ಮದ ಕೆಳಗೆ ಹೊಸ ಚರ್ಮದ ಗೆರೆ ಕಾಣುವ, ಅಂಗೈಯಗಲದ ಒಂದು ಬಡಕಲನ್ನು ಆರಿಸಿದೆ. ಅಂಥದನ್ನು ತಿನ್ನುವವರು ಯಾರೂ ಒಯ್ಯುವುದಿಲ್ಲ.

"ಹೇ ಪೋಕಳ್ ಆಹೇ ಸಾಹೇಬ್, ಯಾತ್ ಕಾಯ್ ನಾಹೀ," ಟೊಳ್ಳು, ಇದರಲ್ಲಿ ಏನೂ ಇಲ್ಲ, ಎಂದಳು.

ನನಗೆ ಅದೇ ಬೇಕು ಎಂದೆ. ಅವಳು ಪಕ್ಕದವಳ ಕಡೆ ತಿರುಗಿ, "ಶಿಕಲೇಲಾ ದಿಸ್ತೋ," ಓದಿದವನ ಹಾಗೆ ಕಾಣ್ತಾನೆ, ಎಂದಳು.

ಏಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಕೆಟ್ಟಿನಲ್ಲಿಟ್ಟು, ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಳಾದಲ್ಲಿ ಇಳಿದೆ. ಲೋಕಲ್‌ನಲ್ಲಿ ಗೋಣಿ ಒಮ್ಮೆ ಮಿಸುಕಿದ್ದಕ್ಕೆ ನನ್ನ ಸುತ್ತ ಜನ ಸರಿದು ಜಾಗ ಮಾಡಿಕೊಟ್ಟರು ಎಂದೂ, ಆ ಗದ್ದಲದ ಹೊತ್ತಿನಲ್ಲಿ ನಾನು ಕೂತೇ ಬಂದೆ ಎಂದೂ ಹೇಳುತ್ತಾ ಬಂದಿದ್ದೇನೆ. ಅದು ಅಷ್ಟು ನಿಜವಿರಲಾರದು. ಆ ಲೈನಿನಲ್ಲಿ ಏಡಿ ಕಂಡು ಸರಿಯುವವರು ಯಾರು?

ಬಾಗಿಲಲ್ಲೇ ಅಜ್ಜಿ ತಡೆದಳು.

"ಏನೋ ಅದು?"

"ಏಡಿ, ಅಜ್ಜಿ."

"ತಿಂತೀಯೇನೋ?"

"ಇಲ್ಲ."

"ಕೊಲ್ತೀಯಾ?"

"ಇಲ್ಲ ಅಜ್ಜಿ. ಬರೀ ನೋಡ್ತೀನಿ."

"ನೋಡೋದಕ್ಕೆ ದುಡ್ಡು ಕೊಡ್ತಾರಾ?"

"ಕೊಡ್ತಾರೆ. ನೋಡ್ದೇ ಇದ್ರೆ ನಿಲ್ಲಿಸ್ತಾರೆ."

ಅಜ್ಜಿ ಬಾಗಿಲಿನಿಂದ ಸರಿದಳು. "ಬಸುರಿ ಇರೋ ಮನೆ. ಅಡುಗೆಮನೆ ಹತ್ರ ತರ್ಬೇಡ. ಬಾಲ್ಕನೀಲಿ ಇಡು. ನನ್ನ ಚಾಪೆಗೆ ತಾಗಿಸ್ಬೇಡ."

ಭಾವ ಆಫೀಸಿನಿಂದ ಬಂದವರು ಬಕೆಟ್ಟನ್ನು ಬಗ್ಗಿ ನೋಡಿ, "ಪಕ್ಕದ ಮನೆಯವರು ಏನಂತಾರೋ" ಎಂದರು. ಪಕ್ಕದ ಮನೆಯವರು ಏನನ್ನೂ ಅನ್ನಬಾರದು ಎನ್ನುವುದು ಭಾವನ ಜೀವನದ ಮುಖ್ಯ ಆಶಯವಾಗಿತ್ತು. ನಾನು ಬಕೆಟ್ಟಿಗೆ ನನ್ನ ಕ್ಯಾಲ್ಸಿಯಂ ಇಲ್ಲದ ಸಮುದ್ರವನ್ನು ಸುರಿದೆ. ಪ್ರಯೋಗಶಾಲೆಯಲ್ಲಿ ಬೆರೆಸಿ, ಸೀಮೆಎಣ್ಣೆಯ ವಾಸನೆ ಹೋಗುವಂತೆ ತೊಳೆದ ಡಬ್ಬಗಳಲ್ಲಿ ತುಂಬಿ ತಂದದ್ದು. ಮತ್ತೆ ಕಾಯುತ್ತ ಕೂತೆ.

ಏಡಿ ಪೊರೆ ಬಿಟ್ಟದ್ದು ಒಂದು ಬೆಳಿಗ್ಗೆ, ಅಜ್ಜಿ ಕಾಫಿ ಕುಡಿಯುತ್ತಿದ್ದಾಗ. ಭಾನುವಾರವೇ ಆಗಿರಬೇಕು, ನಾನು ಮನೆಯಲ್ಲಿದ್ದೆನಲ್ಲ. ಮೊದಲು ಕಂಡದ್ದು ಅಜ್ಜಿ. "ಏನೋ ಆಗ್ತಿದೆ ನೋಡೋ ನಿನ್ನ ಪ್ರಾಣಿಗೆ" ಎಂದು ಕೂಗಿದಳು. ನಾವಿಬ್ಬರೂ ಬಕೆಟ್ಟಿನ ಎರಡು ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿದೆವು. ಏಡಿಯ ಬೆನ್ನಿನ ಅಂಚು ಬಾಯಿ ತೆರೆಯಿತು. ಒಳಗಿನಿಂದ ತಿಳಿಗಂದು ಬಣ್ಣದ ಮತ್ತೊಂದು ಏಡಿ ಹಿಂದುಹಿಂದಕ್ಕೆ ಜರುಗಿತು, ನಿಂತಿತು, ಮತ್ತೆ ಜರುಗಿತು. ಒಂದೊಂದೇ ಕಾಲನ್ನು ಬಿಗಿಯಾದ ಕಾಲುಚೀಲ ಬಿಚ್ಚುವಂತೆ ಎಳೆದುಕೊಂಡಿತು. ಇಕ್ಕಳದಂಥ ಮುಂಗಾಲುಗಳಿಗಂತೂ ಬಹಳ ಹೊತ್ತು ಹಿಡಿಯಿತು.

ಅಜ್ಜಿ ಪಿಸುಗುಟ್ಟಿದಳು. "ತನ್ನನ್ನೇ ತಾನು ಹೆತ್ಕೊಳ್ತಿದೆ ಕಣೋ."

ನಾನು ಅದನ್ನು ತಿದ್ದಲಿಲ್ಲ. ತಿದ್ದಬೇಕು ಎಂದು ನನಗೆ ತೋಚಲೂ ಇಲ್ಲ. ಹೊರಗೆ ಬಂದ ಏಡಿ ಬಕೆಟ್ಟಿನ ಬದಿಗೆ ಒರಗಿ, ಹೆಜ್ಜೆ ಊರಲಾರದೆ ಬಿದ್ದಿತ್ತು. ನಾನು ಕಳಚಿದ ಪೊರೆಯನ್ನು ಅದು ತಿನ್ನುವ ಮುನ್ನ ಎತ್ತಿ ಪೇಪರಿನ ಮೇಲೆ ಒಣಗಲು ಇಟ್ಟೆ.

ಪೇಟೆಯಿಂದ ತರಕಾರಿ ತಂದ ಭಾವ ಬಾಲ್ಕನಿಗೆ ಬಂದು ಪೇಪರಿನ ಮೇಲಿನದನ್ನು ನೋಡಿದರು, ಬಕೆಟ್ಟಿನೊಳಗಿನದನ್ನು ನೋಡಿದರು, ಮತ್ತೆ ಪೇಪರಿನ ಮೇಲಿನದನ್ನು ನೋಡಿದರು.

"ಒಂದು ಅಂದಿದ್ದೆ ನೀನು."

"ಒಂದೇ ಭಾವ."

"ನೋಡಪ್ಪ, ಲೆಕ್ಕ ನಂಗೆ ಬರತ್ತೆ."

ಅದು ಖಾಲಿ ಎಂದು ತೋರಿಸಲು ನಾನು ಪೊರೆಯನ್ನು ಎತ್ತಿ ಅವರ ಕೈಯ ಕಡೆ ಚಾಚಿದೆ. ಭಾವ ತರಕಾರಿ ಚೀಲದ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೊದಲ ದಿನಗಳಲ್ಲಿ ಎಲ್ಲವೂ ಪುಸ್ತಕದಲ್ಲಿದ್ದಂತೆಯೇ ನಡೆಯಿತು. ಏಡಿಯ ಮೈ ಹಪ್ಪಳದ ಸ್ಥಿತಿಯಿಂದ ತೊಗಲಿನ ಸ್ಥಿತಿಗೆ ಬಂದು ಅಲ್ಲೇ ನಿಂತಿತು. ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಮೇಲೇಳುತ್ತಿತ್ತು. ಪ್ರೋಟೀನು ತನ್ನ ಕೆಲಸ ಮುಗಿಸಿತ್ತು, ಸುಣ್ಣ ಸಿಗದೆ ಕೈಕಟ್ಟಿ ಕೂತಿತ್ತು. ಗೈಡಿಗೆ ಹೇಳಿದೆ. "ಹಾಗೆಯೇ ಆಗ್ಬೇಕು. ಇನ್ನು ನೀರು ಬದಲಾಯಿಸಿ, ಕಾದು ನೋಡಿ" ಎಂದರು. ಹಳೆಯ ನೀರನ್ನು ಚೆಲ್ಲಿ ಹೊಸ ಸಮುದ್ರ ಸುರಿದೆ. ಅಜ್ಜಿ ಚಾಪೆಯ ಮೇಲಿಂದ ನೋಡುತ್ತಿದ್ದಳು. ಬಕೆಟ್ಟಿನ ಮೇಲೆ ಒಂದು ಹಳೆಯ ಸೀರೆಯ ತುಂಡು ಹೊದಿಸಿದ್ದೂ ಅವಳೇ. ಕಾಗೆಯನ್ನು ತಡೆಯಲು ಒಳ್ಳೆಯ ಉಪಾಯ ಎಂದು ನನಗೆ ಸಂತೋಷವೇ ಆಯಿತು.

ಅದಾದ ಮೇಲೆ ನೀರು ಸ್ವಲ್ಪ ಮಬ್ಬಾಗತೊಡಗಿತು. ಸಂಸ್ಥೆಯ ಉಗ್ರಾಣದವನು ಕಲಬೆರಕೆಯ ಉಪ್ಪು ಕೊಟ್ಟಿದ್ದಾನೆ ಎಂದು ಅವನೊಡನೆ ಜಗಳವಾಡಿದೆ. ಅವನು ಶೀಶೆಯ ಮೇಲಿನ ಚೀಟಿಯನ್ನು ನನ್ನ ಮೂಗಿಗೆ ಹಿಡಿದು, ಓದಲು ಬರುತ್ತದೆಯೇ ಎಂದು ಕೇಳಿದ.

ಮತ್ತೊಂದು ದಿನ ಏಡಿಯ ಬೆನ್ನನ್ನು ಒತ್ತಿದೆ. ತಗ್ಗಲಿಲ್ಲ. ಪೆನ್ನಿನ ಹಿಂಬದಿಯಿಂದ ತಟ್ಟಿದೆ. ಟಕ್ ಟಕ್ ಎಂದಿತು. ಖಚಿತಪಡಿಸಿಕೊಳ್ಳಲು ಇಕ್ಕಳವನ್ನು ಮುಟ್ಟಹೋದೆ. ಅದು ನನ್ನ ಬೆರಳನ್ನು ಹಿಡಿದುಕೊಂಡು ಎಲ್ಲ ಅನುಮಾನವನ್ನೂ ಪರಿಹರಿಸಿತು.

ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಏಡಿ ಕಲ್ಲಾಗಿತ್ತು. ಇದು ಆಗುವಂಥದಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೈಡಿನ ಬಳಿ ಓಡಿದೆ. ಅವರು ಬ್ಯಾಂಡೇಜನ್ನು ಬಹಳ ಹೊತ್ತು ನೋಡಿದರು, ಅದೇ ಒಂದು ದಾಖಲೆ ಎಂಬಂತೆ.

"ಅಂದರೆ ಸುಣ್ಣ ಇಲ್ಲದೆ ಚಿಪ್ಪು. ಬರೀ ಪ್ರೋಟೀನಿನಿಂದ ಕಲ್ಲು. ಮಾರಾಯ್ರೆ, ಇದು ಎಂತ ಅಂತ ಗೊತ್ತುಂಟಾ ನಿಮಗೆ?"

"ಎಲ್ಲೋ ತಪ್ಪಾಗಿರಬೇಕು ಸರ್."

"ನಿಮ್ಮ ತೊಂದರೆಯೇ ಅದು. ನಿಮಗೆ ಯಾವುದರ ಮೇಲೂ ನಂಬಿಕೆ ಇಲ್ಲ. ಏಡಿ ಕಚ್ಚಿದರೂ ಇಲ್ಲ."

ಅವರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದರು. ಸಮಿತಿಯ ಕಾಗದಪತ್ರಗಳಲ್ಲಿ ಸೇರಿಸಿದರು. ವಿದೇಶದ ಸಮ್ಮೇಳನಕ್ಕೆಂದು ಸೂಟಿನ ಅಳತೆ ಕೊಟ್ಟರು ಎಂದೂ ನಾನು ಕೆಲವರ ಬಳಿ ಹೇಳಿದ್ದೇನೆ. ಸೂಟು ಬಹುಶಃ ಆಮೇಲೆ ನಾನೇ ಹೊಲಿಸಿದ್ದು.

ನನಗೋ ಊಟ ಸೇರಲಿಲ್ಲ. ಫೆಲೋಶಿಪ್ ಕೈಗೆ ಬಂದಂತೆಯೇ ಇತ್ತು, ಆದರೆ ಅದರ ಕೆಳಗೆ ನಾನು ನಂಬದ ಏಡಿಯೊಂದು ಕೂತಿತ್ತು. ಬಾಲ್ಕನಿಯಲ್ಲಿ ಬಕೆಟ್ಟಿನ ಸುತ್ತ ತಿರುಗಿದೆ. ನೀರನ್ನು ಮೂಸಿದೆ. ತಳದಲ್ಲಿ ಬಿಳಿಯ ಚರಟವಿತ್ತು. ಬಗ್ಗಿ ಬಕೆಟ್ಟಿನ ಬಾಯಿಯ ಅಂಚನ್ನು ನೋಡಿದೆ. ಅಲ್ಲಿ ಒಂದು ಬಿಳಿ ಬೆರಳುಗೆರೆ. ಪಕ್ಕದಲ್ಲಿ ಇನ್ನೊಂದು. ಸುತ್ತಲೂ. ಬಕೆಟ್ಟು ನೀಲಿಯದಾಗಿದ್ದರೆ ಮಾತ್ರ ಅವು ಅಷ್ಟು ಚೆನ್ನಾಗಿ ಕಾಣುತ್ತಿದ್ದವು ಎನ್ನುವುದನ್ನು ಅಕ್ಕ ಗಮನಿಸಬೇಕು. ತಲೆಯೆತ್ತಿ ಗೋಡೆ ನೋಡಿದೆ. ಅದೇ ಬೆರಳು, ಅದೇ ಅಗಲ, ಅದೇ ಓರೆ. ಹೊಸದೇನೆಂದರೆ, ಕೆಲವು ದಿನಗಳಿಂದ ಗೋಡೆಯ ಮೇಲೆ ಗೆರೆಗಳು ಹೆಚ್ಚಿರಲಿಲ್ಲ. ಭಾವ ಅದನ್ನು ತಮ್ಮ ನಿಟ್ಟುಸಿರುಗಳ ಪರಿಣಾಮ ಎಂದುಕೊಂಡಿದ್ದರು.

"ಅಜ್ಜಿ, ಏಡಿಗೆ ಸುಣ್ಣ ಹಾಕಿದ್ಯಾ?"

"ಹಾಕ್ದೆ ಏನ್ಮಾಡ್ಲಿ? ನೀವು ಯಾರೂ ಹಾಕ್ಲಿಲ್ವಲ್ಲ."

"ಯಾಕಜ್ಜಿ?"

ಅಜ್ಜಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೆತ್ತ ಮೈ ಕಣೋ ಅದು. ಕೈಕಾಲಲ್ಲಿ ಎಲುಬೇ ಇಲ್ಲ ಪಾಪ. ಬಾಣಂತಿಗೆ ಊಟ ಆದ್ಮೇಲೆ ಎಲೆಗೆ ಒಂಚೂರು ಸುಣ್ಣ ಜಾಸ್ತಿ ಹಚ್ಚಿ ಕೊಡ್ದೆ ಇದ್ರೆ ಸೊಂಟ ನಿಲ್ಲತ್ತೇನೋ? ಇದು ಎಲೆ ಅಗಿಯೋದಿಲ್ಲ. ಅದಕ್ಕೆ ಸುಣ್ಣ ಮಾತ್ರ ನೀರಿಗೆ ಹಾಕ್ದೆ."

"ಬೇರೆ ಏನೇನು ಹಾಕ್ದೆ?"

"ಮೆಣಸಿನ ಸಾರನ್ನ ಹಾಕ್ದೆ, ಮುಟ್ಟಲಿಲ್ಲ. ತೆಗ್ದು ಕಾಗೆಗೆ ಹಾಕ್ದೆ. ಸಾಂಬ್ರಾಣಿ ಹೊಗೆ ಹಾಕ್ದೆ. ಗಾಳಿ ತಾಗ್ಬಾರ್ದು ಅಂತ ಬಟ್ಟೆ ಮುಚ್ಚಿದೆ."

ಒಳಗಿನಿಂದ ಅಕ್ಕ ನಗುತ್ತಿರುವುದು ಕೇಳಿಸಿತು. ತುಂಬು ಬಸುರಿ, ನಗಬಾರದು ಎಂದು ಗೋಡೆ ಹಿಡಿದುಕೊಂಡು ನಗುತ್ತಿದ್ದಳು. "ನನಗಿಂತ ಮುಂಚೆ ಅದಕ್ಕೆ ಬಾಣಂತನ ಆಗೋಯ್ತು" ಎಂದಳು.

"ಯಾವತ್ತಿಂದ ಹಾಕ್ತಿದ್ದೀಯ? ಹುಟ್ಟಿದ ದಿನದಿಂದಲಾ?" ನಾನು ಬಿಡಲಿಲ್ಲ. ಇದು ಮುಖ್ಯವಾಗಿತ್ತು.

ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. "ಹಸೀ ಬಾಣಂತಿಗೆ ನೀರು ಹಾಕೋಕ್ಮುಂಚೆ ಯಾರಾದ್ರೂ ಸುಣ್ಣ ಕೊಡ್ತಾರೇನೋ? ನೀನೇ ಅವತ್ತು ಹಳೇ ನೀರು ಚೆಲ್ಲಿ ಹೊಸ ನೀರು ಹಾಕಿದ್ಯಲ್ಲ, ಮೈಗೆ ನೀರಾಯ್ತು ಅಂದ್ಕೊಂಡೆ. ಅವತ್ತು ಮಧ್ಯಾಹ್ನದಿಂದ ಶುರು ಮಾಡ್ದೆ."

ಅಂದರೆ ನಾನು ಮಾಡಿಸಿದ್ದು ಬಾಣಂತಿ ಸ್ನಾನ.

"ಎಷ್ಟು ಹಾಕ್ತಿದ್ದೆ?"

"ಎಷ್ಟು ಬೇಕೋ ಅಷ್ಟು."

ಲೆಕ್ಕ ಬಲ್ಲ ಭಾವ ಈಗ ಸಹಾಯಕ್ಕೆ ಬಂದರು. ಸುಣ್ಣದ ಡಬ್ಬಿ ಯಾವಾಗ ತುಂಬಿಸಿದ್ದು, ಈಗ ಎಷ್ಟಿದೆ, ಅಜ್ಜಿಯ ಬಾಯಿಗೆ ಹೋದದ್ದೆಷ್ಟು, ಗೋಡೆಗೆ ಹೋದದ್ದೆಷ್ಟು ಎಂದು ಕಳೆದರೆ ಉಳಿದದ್ದು ಏಡಿಯದು ಎಂದರು. ಗೋಡೆಯ ಮಾತು ಬಂದ ಕೂಡಲೇ ಅಜ್ಜಿ ಎಲೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡು, "ಗೋಡೆಗೆ ಏನು ಹೋಗಿದೆ?" ಎಂದಳು. ತಪಾಸಣೆ ಅಲ್ಲಿಗೆ ಮುಗಿಯಿತು.

ಸಮಿತಿ ಮರುದಿನ. ಬೆಳಿಗ್ಗೆಯೇ ಗೈಡಿಗೆ ಎಲ್ಲವನ್ನೂ ಹೇಳಿದೆ. ಅವರು ಕೋಟು ಹಾಕಿಕೊಂಡು ಬಂದಿದ್ದರು. ಕೇಳುತ್ತ ಕೇಳುತ್ತ ಅದರ ಮೇಲಿನ ಗುಂಡಿ ಬಿಚ್ಚಿದರು.

"ಸುಣ್ಣ," ಎಂದರು ಕೊನೆಗೆ. "ಎಲೆಗೆ ಹಚ್ಚುವ ಸುಣ್ಣ."

"ಹೌದು ಸರ್."

"ನಮ್ಮ ಊರಿನ ಕಡೆ ಅದನ್ನು ಸುಡುವುದು ಎಂತರಿಂದ ಗೊತ್ತುಂಟಾ? ಕಡಲ ಚಿಪ್ಪಿನಿಂದ. ಒಬ್ಬನ ಚಿಪ್ಪು ಸುಟ್ಟು ಇನ್ನೊಬ್ಬನಿಗೆ ಚಿಪ್ಪು ಮಾಡಿದರು ನಿಮ್ಮ ಅಜ್ಜಿ." ಸಮಿತಿಯ ಕಾಗದಗಳನ್ನು ನನ್ನ ಕೈಗೆ ಕೊಟ್ಟರು. "ಇದನ್ನು ಒಳಗೆ ನೀವೇ ಹೇಳಿ ಮಾರಾಯ್ರೆ. ನಾನು ಹೇಳಿದ್ರೆ ನನ್ನ ಅಜ್ಜಿ ಅಂತ ತಿಳ್ಕೊಳ್ತಾರೆ."

ಒಳಗೆ ಮೂವರು ಹಿರಿಯರು. ಅವರಲ್ಲೊಬ್ಬರು ನಮ್ಮ ಕಾಗದವನ್ನು ಕನ್ನಡಕ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ಓದಿದವರು, ಇಂಗ್ಲಿಷಿನಲ್ಲಿ ಕೇಳಿದರು. ಚಿಪ್ಪು ಗಟ್ಟಿಯಾದದ್ದು ನಿಜವೇ? ನಿಜ. ನೀರಿಗೆ ಹಾಕಿದ ಉಪ್ಪುಗಳಲ್ಲಿ ಕ್ಯಾಲ್ಸಿಯಂ ಇರಲಿಲ್ಲವೇ? ಇರಲಿಲ್ಲ. ಹೊರಗಿನಿಂದ ಕ್ಯಾಲ್ಸಿಯಂ ಬರುವ ಬೇರೆ ಯಾವ ಮೂಲವೂ ಇರಲಿಲ್ಲ ತಾನೆ?

"ಒಂದು ಮೂಲ ಇತ್ತು ಸರ್."

"ಯಾವುದು?"

"ನನ್ನ ಅಜ್ಜಿ."

ಬಾಣಂತಿ ಎನ್ನುವುದಕ್ಕೆ ಸರಿಯಾದ ಇಂಗ್ಲಿಷ್ ಮಾತು ನನಗೆ ಆಗಲೂ ಸಿಗಲಿಲ್ಲ, ಈಗಲೂ ಸಿಕ್ಕಿಲ್ಲ. ಸುತ್ತಿ ಬಳಸಿ ವಿವರಿಸಿದೆ. ಸ್ನಾನಕ್ಕೆ ಮುಂಚೆ ತೊಗಲಿನಷ್ಟು ಬಿಗಿ, ಸ್ನಾನದ ನಂತರ ಸುಣ್ಣ, ಆಮೇಲೆ ಕಲ್ಲು. ಸ್ನಾನ ಎಂದರೆ ನಾನು ನೀರು ಬದಲಾಯಿಸಿದ್ದು. ಕನ್ನಡಕದವರು ನಡುವೆ ನಿಲ್ಲಿಸಿ, ಪ್ರಮಾಣ ಎಷ್ಟು ಎಂದು ಕೇಳಿದರು. ಎಷ್ಟು ಬೇಕೋ ಅಷ್ಟು ಎಂದು ಹೇಳಿದೆ. ಇನ್ನೊಬ್ಬರು, ಮಹಾರಾಷ್ಟ್ರದವರು, ಅಷ್ಟು ಹೊತ್ತೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಆಗ ಅದನ್ನು ತೆಗೆದು, ತಮ್ಮ ಹೆಂಡತಿಗೂ ಬಾಳಂತಪಣದಲ್ಲಿ, ಎಂದರೆ ಬಾಣಂತನದಲ್ಲಿ, ಅತ್ತೆ ವೀಳ್ಯದೆಲೆಗೆ ಅಷ್ಟೇ ಪ್ರಮಾಣದಲ್ಲಿ ಸುಣ್ಣ ಹಚ್ಚಿ ಕೊಡುತ್ತಿದ್ದರು ಎಂದರು. ಅದು ನನ್ನ ಪರವಾಗಿ ಹೇಳಿದ್ದೋ ವಿರುದ್ಧವಾಗಿ ಹೇಳಿದ್ದೋ ತಿಳಿಯಲಿಲ್ಲ. ನನ್ನ ಗೈಡು ಮೇಜಿನ ಮರದ ಗೆರೆಗಳನ್ನು ಅಧ್ಯಯನ ಮಾಡುತ್ತಿದ್ದರು.

ನಮ್ಮನ್ನು ಹೊರಗೆ ಕೂರಿಸಿ ಅವರು ಚರ್ಚಿಸಿದರು. ಒಳಗಿನಿಂದ ಒಂದೆರಡು ಸಲ ನಗು ಕೇಳಿಸಿತು. ಪ್ರತಿ ನಗುವಿಗೂ ಕಪ್ಪೆಯ ಜೀವನಚಕ್ರ ನನಗೆ ಒಂದು ಹಂತ ಹತ್ತಿರವಾಯಿತು. ಮೊಟ್ಟೆ, ಗೊದಮೊಟ್ಟೆ, ಬಾಲ ಉದುರಿದ ಕಪ್ಪೆ.

ಕೊನೆಗೆ ಗೈಡನ್ನು ಒಬ್ಬರನ್ನೇ ಕರೆದರು. ಅವರು ಹೊರಗೆ ಬಂದಾಗ ಕೋಟಿನ ಗುಂಡಿ ಮತ್ತೆ ಹಾಕಿದ್ದರು.

"ಕೊಟ್ಟಿದ್ದಾರೆ. ಒಂದು ವರ್ಷ."

ನಾನು ಕೂತಲ್ಲಿಂದ ಎದ್ದೆ.

"ಈ ಫಲಿತಾಂಶವನ್ನು ಒಪ್ಪಿಲ್ಲ. ಆದರೆ ತೊಗಲಿನ ಹಂತ ಒಂದು, ಕಲ್ಲಿನ ಹಂತ ಇನ್ನೊಂದು ಅಂತ ಬೇರೆ ಬೇರೆ ಕಂಡದ್ದು ಒಳ್ಳೆಯದಾಯ್ತಂತೆ. ಸರಿಯಾಗಿ ಮಾಡ್ಲಿ ಅಂದ್ರು. ಒಂದು ಷರತ್ತು ಉಂಟು."

"ಏನು ಸರ್?"

"ಇನ್ನು ಮುಂದೆ ಯಾವ ಪ್ರಯೋಗವನ್ನೂ ವಾಸದ ಮನೆಯಲ್ಲಿ ಮಾಡಬಾರದು. ಬರೆದೇ ಕೊಡ್ತಾರಂತೆ." ಗೈಡು 'ಬರೆದೇ' ಎನ್ನುವುದನ್ನು ಬಾಯಲ್ಲಿ ಚಪ್ಪರಿಸಿದರು. "ಮನೆಯಲ್ಲಿ ಮಾಡಬಾರದು ಅಂದ ಮೇಲೆ ಇಲ್ಲಿಯೇ ಮಾಡಬೇಕು. ಇಲ್ಲಿಯೇ ಮಾಡಬೇಕಾದರೆ ಭಾನುವಾರವೂ ಮಾಡಬೇಕು. ನಾನು ಕೇಳಿದೆ. ಬೀಗದ ಕೈ ಕೊಡಿಸ್ತಾರೆ."

ಮನೆಗೆ ಹೋದಾಗ ಅಜ್ಜಿ ಬಾಲ್ಕನಿಯಲ್ಲೇ ಇದ್ದಳು. "ಏನಂದ್ರೋ?" ಎಂದಳು.

"ಒಂದು ವರ್ಷ ಕೊಟ್ರು."

"ನಾನು ಸುಣ್ಣ ಹಾಕಿದ್ದು ಹೇಳಿದ್ಯಾ?"

"ಹೇಳ್ದೆ."

"ಹ್ಞೂಂ," ಎಂದು ಎಲೆಯ ತೊಟ್ಟು ಮುರಿದಳು. ಫೆಲೋಶಿಪ್ ಯಾವುದರಿಂದ ಬಂತು ಎನ್ನುವುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ನಾನು ಕಾರ್ಯಕಾರಣ ಸಂಬಂಧವನ್ನು ವಿವರಿಸಲು ಹೊರಟು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸುಮ್ಮನಾದೆ. ನಿಜ ಹೇಳಬೇಕೆಂದರೆ, ಎಲ್ಲಿಂದ ಶುರು ಮಾಡಿದರೂ ಅದು ಅವಳ ಡಬ್ಬಿಗೇ ಬಂದು ನಿಲ್ಲುತ್ತಿತ್ತು.

ಏಡಿಯನ್ನು ಹತ್ತಿರದ ಶಿವಡಿಯ ಕಡಲಂಚಿನ ಕೆಸರಿಗೆ ಒಯ್ದು ಬಿಟ್ಟೆ. ಬಾಣಂತಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಜ್ಜಿ ಒಂದು ವೀಳ್ಯದೆಲೆಯನ್ನು ಬಕೆಟ್ಟಿಗೆ ಹಾಕಿದ್ದಳು. ಏಡಿ ಅದನ್ನು ಇಕ್ಕಳದಲ್ಲಿ ಹಿಡಿದುಕೊಂಡೇ ಓರೆಯಾಗಿ ನಡೆದುಹೋಯಿತು ಎಂದು ಬರೆಯಲು ಬಹಳ ಆಸೆ. ಎಲೆ ಬಕೆಟ್ಟಿನ ತಳಕ್ಕೆ ಅಂಟಿಕೊಂಡು ನನ್ನ ಜೊತೆ ಮನೆಗೆ ವಾಪಸಾಯಿತು. ಸ್ವಲ್ಪ ದಿನದಲ್ಲೇ ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ಅಜ್ಜಿಯ ಗಮನ, ಸಾಂಬ್ರಾಣಿ, ಸುಣ್ಣ ಎಲ್ಲವೂ ಸೇರಬೇಕಾದ ಕಡೆ ಸೇರಿದವು. ಗೋಡೆಯ ಮೇಲೆ ಗೆರೆಗಳು ಮತ್ತೆ ಹಬ್ಬಿದವು.

ಬೀಗದ ಕೈ ನನಗೆ ಸಿಕ್ಕಿತು. ಕಾವಲುಗಾರ ಅದನ್ನು ಸೊಂಟದಿಂದ ಬಿಚ್ಚಿ ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡಿದ್ದ. ಒಂದು ಭಾನುವಾರ, ಇಡೀ ಕಟ್ಟಡದಲ್ಲಿ ನಾನೊಬ್ಬನೇ ಇದ್ದಾಗ, ಹೊಸ ಏಡಿ ಪೊರೆ ಬಿಟ್ಟಿತು. ಪೊರೆಯನ್ನು ಎತ್ತಿಟ್ಟೆ. ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೆಂದು ಪರೀಕ್ಷೆ ಮಾಡಿ ನೋಡಿದೆ. ಏಡಿ ತೊಟ್ಟಿಯ ಮೂಲೆಗೆ ಒರಗಿ ಬಿದ್ದಿತ್ತು, ಹೆಜ್ಜೆ ಊರಲಾಗದೆ. ಸಮುದ್ರದ ಕಡೆಯಿಂದ ಗಾಳಿ ಒಡೆದ ಕಿಟಕಿಯ ಮೂಲಕ ಒಳಗೆ ಬರುತ್ತಿತ್ತು. ನಾನು ಹೆಗಲ ಮೇಲಿದ್ದ ಟವೆಲನ್ನು ತೆಗೆದು ತೊಟ್ಟಿಯ ಮೇಲೆ ಹೊದಿಸಿದೆ.

ಕಾಗೆಗಾಗಿ ಹೊದಿಸಿದ್ದು ಎಂದು ನನ್ನ ನೆನಪು.